ಮೋಟಾರಿನ ಅವ್ವಾರು

ಅವ್ವಾರಿಗೆ ತಮ್ಮ ಮೂಗಿನ ಮೇಲಿದ್ದಷ್ಟು ನಂಬಿಕೆ ಇನ್ನಾವುದರ ಮೇಲೂ ಇರಲಿಲ್ಲ. ಗಾಣದವನು ಕುಸುಬಿ ಎಣ್ಣೆಯ ಕೊಡ ಹೊತ್ತು ಓಣಿಯ ಬಾಯಿಗೆ ಬಂದರೆ ಸಾಕು, ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತವರು ತಲೆ ಎತ್ತದೆಯೇ, “ಅದು ಹಳೇದು, ಬ್ಯಾಡ. ಮುಂದ ಹೋಗು” ಎನ್ನುತ್ತಿದ್ದರು. ಅವನು ದೇವರ ಆಣೆ ಹಾಕುತ್ತಿದ್ದ. ಅವರು ಜೋಳದಲ್ಲಿನ ಹರಳು ಆರಿಸುತ್ತಲೇ ಇರುತ್ತಿದ್ದರು. ಕೊನೆಗೆ ಅವನೇ ಸೋತು, “ನಿಮ್ಮ ಮೂಗಿಗಿ ಒಂದು ಗುಡಿ ಕಟ್ಟಿಸಬೇಕ್ರಿ ಅವ್ವಾರ” ಎಂದು ನಗುತ್ತ ಹೋಗಿ ಮರುದಿನ ಹೊಸ ಎಣ್ಣೆ ತರುತ್ತಿದ್ದ.

ಕಲಬುರ್ಗಿಯ ಗಾಜಿಪುರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಸರಕಾರಿ ಶಾಲೆಯಲ್ಲಿ ಮಾಸ್ತರ. ಎಲ್ಲ ಪಾಠಗಳೂ ಉರ್ದುವಿನಲ್ಲಿ ನಡೆಯುತ್ತಿದ್ದ ಆ ಶಾಲೆಯಲ್ಲಿ ಕನ್ನಡಕ್ಕೆಂದು ನಾನೊಬ್ಬನೇ, ಮದುವೆ ಮನೆಗೆ ಬಂದ ದೂರದ ನೆಂಟನ ಹಾಗೆ. ಸಂಜೆ ಮನೆಗೆ ಬಂದು ಟೊಪ್ಪಿಗೆ ತೆಗೆಯುವುದರೊಳಗೆ ಗೋಡೆಯ ಆಚೆಯಿಂದ ಕೂಗು ಬರುತ್ತಿತ್ತು: “ಮಾಸ್ತರ, ಹಾಲು ಹೊತ್ತಾವ ನೋಡ್ರಿ!” ಒಳಗೆ ಓಡಿದರೆ ನಿಜಕ್ಕೂ ಹಾಲು ಹೊತ್ತಿರುತ್ತಿತ್ತು. ನನ್ನ ಹೆಂಡತಿಗೆ ಇದು ಸಿಟ್ಟು ತರಿಸುತ್ತಿತ್ತು. ತನ್ನ ಒಲೆಯ ಮೇಲೆ ಪಕ್ಕದ ಮನೆಯವರ ಕಾವಲು ಯಾರಿಗೆ ತಾನೆ ಹಿಡಿಸುತ್ತದೆ?

ಆದರೆ ಅದೇ ಹೆಂಡತಿ ಅವರ ಇನ್ನೊಂದು ಗುಣವನ್ನು ಬಾಯಿತುಂಬ ಹೊಗಳುತ್ತಿದ್ದಳು. ಶ್ರಾವಣದಲ್ಲಿ ಅವರು ಓಣಿಯವರನ್ನೆಲ್ಲ ಊಟಕ್ಕೆ ಕರೆಯುತ್ತಿದ್ದರು. ಎಲೆಗೆ ಬಡಿಸಿ, ಇನ್ನು ಕೈ ಹಾಕಬೇಕು ಎನ್ನುವಷ್ಟರಲ್ಲಿ ನಡುಮನೆಯ ಬಾಗಿಲಲ್ಲಿ ನಿಂತು, “ಇವತ್ತ ಪಲ್ಯಕ್ಕ ಉಪ್ಪು ಹೆಚ್ಚಾಗ್ಯಾದ. ಹಾಕಿದಾಕಿ ನಾ. ಮಜ್ಜಿಗಿ ಕೂಡಿಸ್ಕೋರಿ” ಎಂದು ಸಾರುತ್ತಿದ್ದರು. ದನಿಯಲ್ಲಿ ನಾಚಿಕೆಯಿಲ್ಲ, ನಾಟಕವಿಲ್ಲ. ಅಡುಗೆಯವಳ ಮೇಲೆ, ಆಳಿನ ಮೇಲೆ, ಒಲೆಯ ಉರಿಯ ಮೇಲೆ ತಪ್ಪು ಹಾಕಲು ಅವಕಾಶ ಬೇಕಾದಷ್ಟಿತ್ತು. ಅವರು ಹಾಕುತ್ತಿರಲಿಲ್ಲ. ಉಂಡೆದ್ದವರು ಉಪ್ಪಿನ ಮಾತೇ ಆಡದೆ ಹೋಗುತ್ತಿದ್ದರು.

ಅವರ ಊರು ಕಮಲಾಪುರ. ಅಲ್ಲಿ ಗೌಡಿಕೆ, ದೊಡ್ಡ ಹೊಲಮನೆ, ಕೆಂಪು ಬಾಳೆಯ ತೋಟ. ಆರು ತಿಂಗಳು ಅಲ್ಲಿ, ಆರು ತಿಂಗಳು ಕಲಬುರ್ಗಿಯಲ್ಲಿ. ಗಂಡ ತೀರಿದ ಮೇಲೆ ಒಕ್ಕಲುತನವನ್ನೆಲ್ಲ ತಾವೇ ನೋಡುತ್ತಿದ್ದರು. ಕಮಲಾಪುರಕ್ಕೆ ಹೋದರೆ ಶರಣಪ್ಪನ ಗಾಡಿಯಲ್ಲೇ ಹೋಗಬೇಕು. ಶರಣಪ್ಪ ಆ ಮನೆಯ ಗಾಡಿ ಹೊಡೆಯುವವ. ಎಷ್ಟು ವರ್ಷದಿಂದ ಎಂದು ಕೇಳಿದರೆ ತನ್ನ ವಯಸ್ಸನ್ನಲ್ಲ, ಸತ್ತ ಎತ್ತುಗಳ ಹೆಸರುಗಳನ್ನು ಹೇಳುತ್ತಿದ್ದ. ಗಾಲಿ ಎಂಬುದು ಯಾವುದೇ ಇರಲಿ, ಅದರ ಗುಟ್ಟೆಲ್ಲ ತನಗೆ ಗೊತ್ತು ಎಂದು ಅವನ ಖಾತ್ರಿ.

ಇನ್ನು ಮೋಟಾರು. ಅದನ್ನು ಕೊಂಡವರು ಅವರ ಯಜಮಾನರು. ವರ್ಗವಾಗಿ ಹೋಗುತ್ತಿದ್ದ ಯಾವನೋ ಸಾಹೇಬನಿಂದ ತೆಗೆದುಕೊಂಡ ಕರಿಯ ಮೋಟಾರು: ಕ್ಯಾನ್ವಾಸಿನ ಟಪ್ಪು, ಹಿತ್ತಾಳೆಯ ದೀಪ, ಹಿಂದಿನ ಸೀಟಿಗೆ ಪರದೆ. ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಬ್ರೇಕು. ಗಾಲಿಯ ಒಳಮಗ್ಗುಲಲ್ಲಿ ಒಂದು ಕಬ್ಬಿಣದ ಡ್ರಮ್ಮು, ಅದರ ಸುತ್ತ ಹೊರಗಿನಿಂದ ಒಂದು ಪಟ್ಟಿ. ಪೆಡಲು ತುಳಿದರೆ ಪಟ್ಟಿ ಡ್ರಮ್ಮನ್ನು ಬಿಗಿಯಾಗಿ ಹಿಡಿಯಬೇಕು. ಎಲ್ಲವೂ ಬಯಲಲ್ಲೇ, ಮುಚ್ಚಳಗಿಚ್ಚಳ ಇಲ್ಲ. ಅದನ್ನು ನಡೆಸಲು ಮೋಮಿನಪುರದಿಂದ ಒಬ್ಬ ಡ್ರೈವರನನ್ನು ಇಟ್ಟುಕೊಂಡರು. ಎಲ್ಲರೂ ಅವನನ್ನು ಉಸ್ತಾದ ಎನ್ನುತ್ತಿದ್ದರು. ಮೀಸೆ ಕತ್ತರಿಸಿದ ಅಳತೆ ಒಂದು ದಿನವೂ ಹೆಚ್ಚುಕಡಿಮೆಯಾಗದ, ತನ್ನ ನಟ್ಟು ಬಿಗಿಯುವ ಪಾನಾ ಬೇರೆಯವರು ಮುಟ್ಟಿದರೆ ಉರಿದುಬೀಳುವ ಮನುಷ್ಯ.

ಮೋಟಾರು ಬಂದ ವರ್ಷದ ದಸರಾ. ಕಮಲಾಪುರದ ಹೊರಗೆ ಒಂದು ಇಳಿಜಾರು, ಅದರ ಬುಡದಲ್ಲಿ ಬನ್ನಿ ಗಿಡ. ಬನ್ನಿಯ ದಿನ ಇಡೀ ಊರು ಅಲ್ಲಿ ಕೂಡುತ್ತದೆ. ಮೋಟಾರಿನಲ್ಲಿ ಇಳಿದು ಬಂದು ಗಿಡದ ಮುಂದೆ ನಿಲ್ಲಬೇಕು ಎಂಬುದು ಯಜಮಾನರ ಆಸೆ. ಇಳಿದು ಬಂತು. ನಿಲ್ಲಲಿಲ್ಲ. ಜನ ಚೆಲ್ಲಾಪಿಲ್ಲಿ ಓಡಿದರು, ಒಂದು ಎಮ್ಮೆ ಸತ್ತಿತು, ಮೋಟಾರು ಕಟ್ಟೆಗೆ ಹೊಡೆದು ನಿಂತಿತು. ಉಸ್ತಾದನ ಎಡಗಾಲು ಮುರಿಯಿತು. ಯಜಮಾನರು ಎದ್ದು ಧೋತರ ಕೊಡವಿಕೊಂಡು ಎಲ್ಲರ ಮುಂದೆ ಒಂದೇ ಮಾತು ಹೇಳಿದರು: “ಸೂಳೇಮಗ ಸೇಂದಿ ಕುಡದಾನ.”

ಐದು ಹೊತ್ತು ನಮಾಜು ಬಿಡದ ಮನುಷ್ಯನ ಮೇಲೆ ಆ ಮಾತು ಕೂತುಬಿಟ್ಟಿತು. ಕಾಲು ಕೂಡಿತು, ಕುಂಟು ಉಳಿಯಿತು. ಅವನ ಕೈಗೆ ಮತ್ತೆ ಯಾರೂ ಮೋಟಾರು ಕೊಡಲಿಲ್ಲ. ಮಸೀದಿಯಲ್ಲಿ ಪಕ್ಕದಲ್ಲಿ ನಿಲ್ಲುವವರೂ ಒಮ್ಮೆ ಮೂಗು ಎಳೆದು ನೋಡುತ್ತಿದ್ದರಂತೆ. ಟಾಂಗಾ, ಸೈಕಲ್ಲು ರಿಪೇರಿ ಮಾಡುವ ಒಂದು ತಗಡಿನ ಶೆಡ್ಡು ಹಾಕಿಕೊಂಡು ಕೂತ. ಮೋಟಾರು ಕಮಲಾಪುರದ ಕೊಟ್ಟಿಗೆ ಸೇರಿತು.

ಇಷ್ಟನ್ನು ನನಗೆ ಹೇಳಿದವರು ಅವ್ವಾರೇ, ಯಜಮಾನರು ತೀರಿ ವರ್ಷ ತುಂಬಿದ ಮೇಲೆ.

“ಪರದೆ ಸಂದಿಯಾಗ ನಾ ನೋಡೀನಿ ಮಾಸ್ತರ. ಪೆಡಲ್ ಮ್ಯಾಲ ಎದ್ದು ನಿಂತಿದ್ದ. ಕುತಿಗಿ ನರ ಉಬ್ಬಿದ್ದವು. ಕುಡದಾಂವ ಹಂಗ ನಿಂದರ್ತಾನೇನು?”

“ಯಜಮಾನ್ರಿಗಿ ಹೇಳಿದ್ದಿಲ್ಲೇನ್ರಿ?”

“ಹೇಳ್ದೆ. ಹೆಣ್ಮಕ್ಕಳಿಗಿ ಮೋಟಾರಿಂದೇನ್ ತಿಳೀತದ ಅಂದ್ರು. ನಾ ಸುಮ್ನಾದೆ.” ಸ್ವಲ್ಪ ಹೊತ್ತು ಜೋಳ ಕೇರಿದರು. “ಸಾಹೇಬ ಸವದ ಬ್ರೇಕ್ ಕೊಟ್ಟಿದ್ದ, ಇವರು ಹಂಗೇ ಓಡಿಸಿದ್ರು. ಈಗ ನಾಕೂ ಗಾಲಿಗಿ ಛಲೋ ಬ್ರೇಕ್ ಹಾಕಸ್ತೀನಿ. ಅದೇ ಇಳಿಜಾರು, ಅದೇ ಬನ್ನಿ ದಿನ, ಅಂವ ನಡಸ್ಲಿ. ಊರು ನೋಡ್ಲಿ.”

ಮರುದಿನವೇ ನನ್ನನ್ನು ಕರೆದುಕೊಂಡು ಮೋಮಿನಪುರಕ್ಕೆ ನಡೆದರು. ಉಸ್ತಾದ ಟಾಂಗಾದ ಗಾಲಿಗೆ ಕಟ್ಟಿಗೆಯ ಅರ ಹಾಕುತ್ತಿದ್ದ. ಎದ್ದು ಸಲಾಮು ಮಾಡಿದ, ಮಾತು ಕೇಳಿದ, ಮತ್ತೆ ಕೂತು ಅರ ಹಾಕಿದ.

“ನನ್ನ ಕೈಯಾಗ ಗಾಡಿ ಕೊಟ್ಟು ಒಳಗ ಯಾರ್ ಕೂಡ್ತಾರ್ರಿ ಅವ್ವಾರ?”

“ನಾ ಕೂಡ್ತೀನಿ.”

“ಮತ್ತ?”

“ಈ ಮಾಸ್ತರೂ ಕೂಡ್ತಾರ.”

ನನ್ನನ್ನು ಯಾರೂ ಕೇಳಿರಲಿಲ್ಲ. ಉಸ್ತಾದ ಮೊದಲ ಸಲ ನನ್ನ ಕಡೆ ನೋಡಿ, ಹೆದರಿದ್ದು ಕಂಡೋ ಏನೋ, ಮೀಸೆಯಲ್ಲೇ ನಕ್ಕ. “ಬ್ರೇಕ್ ನನ್ನ ಮನಸಿಗಿ ಬರೋ ತನಕ ಅವಸರ ಮಾಡಬ್ಯಾಡ್ರಿ” ಎಂದ. ಒಪ್ಪಿದ ಹಾಗೆ.

ಮೋಟಾರನ್ನು ಕಮಲಾಪುರದಿಂದ ತಂದದ್ದು ಶರಣಪ್ಪನ ಎತ್ತುಗಳು. ಕೋಳಿಗಳು ಹಿಂದಿನ ಸೀಟಿನಲ್ಲಿ ಮೊಟ್ಟೆಯಿಟ್ಟಿದ್ದವು, ಟಪ್ಪನ್ನು ಇಲಿಗಳು ತಿಂದಿದ್ದವು. ಹಗ್ಗ ಕಟ್ಟಿ ಎಳೆಸಿಕೊಂಡು ಪೇಟೆಯ ನಡುವೆ ಬಂದ ಶರಣಪ್ಪನ ಗತ್ತು ನೋಡಬೇಕಿತ್ತು. “ಎಷ್ಟ್ ಮೋಟಾರ್ ಇದ್ರೇನ್ರಿ, ಕಡೀಕ ನಮ್ಮ ಎತ್ತೇ ಬೇಕು” ಎಂದು ಸಿಕ್ಕಸಿಕ್ಕವರಿಗೆ ಹೇಳಿದ.

ಉಸ್ತಾದ ಹಿಂದಿನ ಗಾಲಿಗಳನ್ನು ಬಿಚ್ಚಿದಾಗ ಬ್ರೇಕಿನ ಪಟ್ಟಿಗಳ ತುಂಬ ಕರಿಯ ಅಂಟು. ಬೆರಳಲ್ಲಿ ತೆಗೆದು ನೋಡಿ, “ನಿಂತ ಗಾಡಿ. ಒಳಗಿನ ಎಣ್ಣಿ ಸೋರ್ಯಾದ” ಎಂದು ಗ್ಯಾಸೆಣ್ಣೆ ಹಾಕಿ ಒರೆಸಿದ. ಹಳೆಯ ಮೋಟಾರುಗಳಲ್ಲಿ ಅದು ನಡೆಯುವುದೇ. ಯಾರೂ ಮುಂದೆ ಯೋಚಿಸಲಿಲ್ಲ. ಅವ್ವಾರು ಆ ಹೊತ್ತು ಅಲ್ಲಿ ಇರಲಿಲ್ಲ. ಇದ್ದಿದ್ದರೆ ಕಥೆ ಅಂದೇ ಮುಗಿಯುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಸೊಲ್ಲಾಪುರದಲ್ಲಿ ಅದೇ ಜಾತಿಯ, ಆದರೆ ಹೊಸ ಕಾಲದ ಒಂದು ಮೋಟಾರು ಮುರಿದು ಬಿದ್ದಿತ್ತು. ಅದಕ್ಕೆ ಮುಂದಿನ ಗಾಲಿಗಳಿಗೂ ಬ್ರೇಕು. ಉಸ್ತಾದ ಅದರ ಮುಂದಿನ ಅಚ್ಚನ್ನೇ ರೈಲಿನಲ್ಲಿ ತಂದ. ಜೊತೆಗೆ ತಾಮ್ರದ ತಂತಿ ಸೇರಿಸಿ ನೇಯ್ದ ಹೊಸ ಪಟ್ಟಿ. ಅದನ್ನು ಅಳತೆಗೆ ಕತ್ತರಿಸಿ ತಾಮ್ರದ ಮೊಳೆ ಹೊಡೆದು ಕೂಡಿಸಿದ. ನಾಲ್ಕು ಗಾಲಿಗಳಿಗೂ ಒಂದೇ ಪೆಡಲಿನಿಂದ ಸರಳುಗಳು ಹೋಗಬೇಕು, ನಾಲ್ಕೂ ಒಂದೇ ಹೊತ್ತಿಗೆ ಹಿಡಿಯಬೇಕು. ಒಂದು ಮೊದಲು ಹಿಡಿದರೆ ಗಾಡಿ ಆ ಕಡೆಗೆ ಎಳೆಯುತ್ತದೆ. ಅದಕ್ಕಾಗಿ ಮೋಟಾರನ್ನು ಇಟ್ಟಿಗೆಗಳ ಮೇಲೆ ಎತ್ತಿ ನಿಲ್ಲಿಸಿ, ಒಂದು ಗಾಲಿಯ ಹತ್ತಿರ ನನ್ನನ್ನು, ಇನ್ನೊಂದರ ಹತ್ತಿರ ಶರಣಪ್ಪನನ್ನು ಕೂಡಿಸಿ, ಕೈಯಿಂದ ತಿರುಗಿಸಲು ಹೇಳಿ, ತಾನು ಪೆಡಲನ್ನು ಸಾವಕಾಶ ಒತ್ತುತ್ತಿದ್ದ. “ಹಿಡೀತೇನ್ರಿ?” “ಹಿಡೀತು.” “ನಿಮದು?” “ಇನ್ನಾ ತಿರಗ್ತದ.” ಮತ್ತೆ ಇಳಿದು, ನಟ್ಟು ಬಿಗಿದು, ಮತ್ತೆ ಏರುವುದು. ನಾನು ಶಾಲೆ ಬಿಟ್ಟು ನೇರ ಅಲ್ಲಿಗೆ ಹೋಗಿ ಗಾಲಿ ತಿರುಗಿಸುತ್ತಿದ್ದೆ. ನನ್ನ ಹೆಂಡತಿ ನನ್ನ ಅಂಗಿಗಳನ್ನು ಬೇರೆ ಬುಟ್ಟಿಯಲ್ಲಿ ಹಾಕತೊಡಗಿದಳು.

ಸೇಡಂ ರಸ್ತೆಯ ಬಯಲಿನಲ್ಲಿ ಮೊದಲ ಪರೀಕ್ಷೆ. ಉಸ್ತಾದ ಓಡಿಸಿ ಓಡಿಸಿ ಒಮ್ಮೆಲೆ ತುಳಿದ. ಮೋಟಾರು ಕೀರಲು ದನಿಯಲ್ಲಿ ಅರಚಿ ನಿಂತಿತು. ನನ್ನ ಟೊಪ್ಪಿಗೆ ಮುಂದೆ ಹೋಗಿ ಬಿತ್ತು. ಅವ್ವಾರು ಹಿಂದಿನ ಸೀಟಿನಲ್ಲಿ ಎರಡೂ ಕೈಯಿಂದ ಸರಳು ಹಿಡಿದು ಕೂತಿದ್ದರು, ಮುಖದಲ್ಲಿ ಹೊಸ ಮದುಮಗಳ ಖುಷಿ.

“ಹೊಸ ಪಟ್ಟಿ ಅದಕ್ಕ ಒದರ್ತದ್ರಿ. ಸವದಂಗ ಕಡಿಮಿ ಆಗ್ತದ” ಎಂದ ಉಸ್ತಾದ.

“ಒದರಲಿ ಬಿಡು. ನಿಂತ್ರ ಆತು.”

ದಸರಾಕ್ಕೆ ಎರಡು ದಿನ ಇರುವಾಗ ಅದೇ ಮೋಟಾರಿನಲ್ಲಿ ಕಮಲಾಪುರಕ್ಕೆ ಹೋದೆವು. ಇಳಿಜಾರಿನಲ್ಲಿ ಅರಚುತ್ತ ಅರಚುತ್ತ ಇಳಿದು ಸರಿಯಾಗಿ ನಿಂತಿತು. ನೋಡಿದವರು ದನ ಕಾಯುವವರು, ಬಾವಿಯ ಹತ್ತಿರದ ಹೆಂಗಸರು ಅಷ್ಟೇ. ಅವರು ನಿಂತದ್ದನ್ನು ನೋಡಲಿಲ್ಲ, ಅರಚಿದ್ದನ್ನು ಕೇಳಿ ನಕ್ಕರು. “ಗೌಡ್ರ ಮನಿ ಗಾಡಿ ಎಣ್ಣಿ ಕಂಡಿಲ್ಲೇನವ್ವಾ” ಎಂದಳು ಒಬ್ಬಳು. ನಮ್ಮ ಕಡೆ ಗಾಡಿಯ ಗಾಲಿ ಕಿರುಗುಟ್ಟಿದರೆ ಯಾರೂ ಗಾಡಿಯನ್ನು ಆಡಿಕೊಳ್ಳುವುದಿಲ್ಲ, ಮನೆತನವನ್ನು ಆಡಿಕೊಳ್ಳುತ್ತಾರೆ. ಮುಂದಿನ ಸೀಟಿನಲ್ಲಿ ಕೂತಿದ್ದ ಶರಣಪ್ಪನ ಮುಖ ಸಣ್ಣದಾಯಿತು.

ನವಮಿಯ ದಿನ ಖಂಡೇಪೂಜೆ. ನೇಗಿಲು, ಕುಂಟೆ, ಕುಡುಗೋಲು, ಗಾಡಿ, ಕೊನೆಗೆ ಮೋಟಾರು, ಎಲ್ಲಕ್ಕೂ ವಿಭೂತಿ, ಚೆಂಡುಹೂವು. ಪೂಜೆ ಮುಗಿಸಿ ಅವ್ವಾರು ದೇವರ ಮನೆಯಿಂದ ಒಂದು ಹಿತ್ತಾಳೆ ಬಟ್ಟಲು ತುಂಬ ಔಡಲೆಣ್ಣೆ ತಂದು ಶರಣಪ್ಪನ ಕೈಯಲ್ಲಿ ಕೊಟ್ಟರು. “ಒಂದೂ ಗಾಲಿ ಒಣಾ ಇರಬಾರ್ದು, ನೋಡು.” ಅವರ ಅತ್ತೆ ಹೇಳುತ್ತಿದ್ದ ಮಾತಂತೆ, ವರ್ಷವೂ ಅದೇ. ಶರಣಪ್ಪ ಎರಡೂ ಕೈಯಿಂದ ತೆಗೆದುಕೊಂಡು ಹಣೆಗೆ ಮುಟ್ಟಿಸಿಕೊಂಡ. ಉಸ್ತಾದ ಅಷ್ಟೊತ್ತಿಗೆ ನಮಾಜಿಗೆ ಹೋಗಿದ್ದ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದೆ.

ಬನ್ನಿಯ ದಿನ ಸಂಜೆ ಇಡೀ ಊರು ಗಿಡದ ಕೆಳಗೆ ನೆರೆದಿತ್ತು. ಮನೆಯಿಂದ ಸುತ್ತು ದಾರಿಯಲ್ಲಿ ಏರು ಏರಿ ಇಳಿಜಾರಿನ ನೆತ್ತಿಗೆ ಹೋದೆವು. ಏರಿಗೆ ಬ್ರೇಕು ಬೇಕಾಗುವುದಿಲ್ಲ. ಅವ್ವಾರು ಪರದೆಯನ್ನು ಸುತ್ತಿ ಮೇಲೆ ಕಟ್ಟಿಸಿದ್ದರು. ಉಸ್ತಾದ ಬಿಳಿಯ ಅಂಗಿ ತೊಟ್ಟು ಬಂದಿದ್ದ. ಬಿಸ್ಮಿಲ್ಲಾ ಎಂದು ಇಳಿಸಿದ.

ಅರ್ಧ ಇಳಿದ ಮೇಲೆ ಅವನು ಪೆಡಲು ತುಳಿದದ್ದು ಕಾಣಿಸಿತು. ಮೋಟಾರು ಅರಚಲಿಲ್ಲ. ಪುಣ್ಯಕ್ಕೆ ಇವತ್ತು ಮರ್ಯಾದೆ ಉಳಿಯಿತು ಎಂದುಕೊಂಡೆ. ಆದರೆ ಗಿಡ ದೊಡ್ಡದಾಗುತ್ತಲೇ ಇತ್ತು. ಉಸ್ತಾದ ಸೀಟು ಬಿಟ್ಟು ಎದ್ದು ಪೆಡಲಿನ ಮೇಲೆ ನಿಂತ. “ನೈ ಪಕಡ್ತಾ” ಎಂದ, ತನಗೇ ಹೇಳಿಕೊಳ್ಳುವ ಹಾಗೆ. ಕೈಬ್ರೇಕು ಎಳೆದ. ಅದೂ ಹಿಡಿಯಲಿಲ್ಲ. ಕೆಳಗೆ ಜನ ಕೈ ಎತ್ತಿ ಕೂಗುತ್ತಿದ್ದರು, ಅದು ಜಯಕಾರವೋ ಹೆದರಿಕೆಯೋ ತಿಳಿಯಲಿಲ್ಲ. ನಾನು ಕಣ್ಣು ಮುಚ್ಚಿದೆ. ಉಸ್ತಾದ ತಿರುವಿದ ರಭಸಕ್ಕೆ ಮೋಟಾರು ಒಮ್ಮೆಲೆ ಎಡಕ್ಕೆ ಹೊರಳಿ, ಹಾರಿ ಬಿದ್ದು, ಮಳೆ ನೀರು ಕುಡಿದು ಮೆತ್ತಗಾಗಿದ್ದ ಎರೆ ಹೊಲದಲ್ಲಿ ಅಚ್ಚಿನ ತನಕ ಹೂತು ನಿಂತಿತು.

ಯಾರಿಗೂ ಏನೂ ಆಗಿರಲಿಲ್ಲ. ಜನ ಓಡಿ ಬಂದರು. ಗುಂಪಿನ ಹಿಂದಿನಿಂದ ಒಬ್ಬ, “ಮತ್ತ ಕುಡದಾನೋ ಏನೋ” ಎಂದ. ಕೆಲವರು ನಕ್ಕರು. ಉಸ್ತಾದ ಕೆಳಗಿಳಿಯಲಿಲ್ಲ. ನಿಂತ ಮೋಟಾರಿನಲ್ಲಿ ಪೆಡಲನ್ನು ಇನ್ನೂ ಒತ್ತಿಕೊಂಡೇ, ಹಿಂದೆ ತಿರುಗದೆ, “ಮೈ ಪಿಯಾ ನೈ, ಅಮ್ಮಾ. ಕುಡದಿಲ್ಲ” ಎಂದ. ಅವನು ಅವರನ್ನು ಅಮ್ಮಾ ಎಂದದ್ದು ನಾನು ಕೇಳಿದ್ದು ಅದೊಂದೇ ಸಲ.

ಅವ್ವಾರು ಕೆಸರಿಗೆ ಇಳಿದರು. ಹಿಂದಿನ ಗಾಲಿಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಮೂಗು ಎಳೆದರು. ಬಗ್ಗಿ ಡ್ರಮ್ಮಿನ ಅಂಚಿಗೆ ಬೆರಳು ತಾಗಿಸಿ, ಬಿಸಿಗೆ ಬೆರಳು ಹಿಂದೆಗೆದು, ಮೂಗಿನ ಹತ್ತಿರ ಹಿಡಿದರು.

“ಔಡಲೆಣ್ಣಿ” ಎಂದರು. ಆಮೇಲೆ, “ಶರಣಪ್ಪಾ!”

ಶರಣಪ್ಪ ಗುಂಪು ಸೀಳಿಕೊಂಡು ಬಂದ.

“ಇದರಾಗ ಎಣ್ಣಿ ಯಾರ್ ಹಾಕಿದ್ರು?”

“ನಾನೇ ಹಾಕೀನ್ರಿ ಅವ್ವಾರ. ಊರ ಮಂದಿ ನಗಲಾಕತ್ತಿದ್ರಲ್ರಿ. ನಾಕೂ ಗಾಲಿ ಪಟ್ಟಿ ತೋಯೋ ಹಂಗ ಹಾಕೀನಿ. ಇವತ್ತ ನೋಡ್ರಿ, ಒಂದೀಟರ ಒದರ್ತೇನು?”

ಅವನ ಮುಖದಲ್ಲಿ ಹೆಮ್ಮೆ ಇತ್ತು. ಉಸ್ತಾದ ಆಗ ತಿರುಗಿ ನೋಡಿದ. ಅವ್ವಾರು ಏನೋ ಲೆಕ್ಕ ಹಾಕುವವರ ಹಾಗೆ ಬೆರಳನ್ನು ಮತ್ತೊಮ್ಮೆ ಮೂಸಿದರು. ನಂತರ ಬಹಳ ಮೆಲ್ಲಗೆ ಕೇಳಿದರು.

“ಮೋಟಾರ್ ಬಂದ ವರ್ಷ? ಆವತ್ತೂ ಹಾಕಿದ್ದೇನು?”

“ಹಾಕದೆ ಬಿಡ್ತೀನೇನ್ರಿ? ವರ್ಷಾ ವರ್ಷಾ ಹಾಕೀನಿ. ಕೊಟ್ಟಗ್ಯಾಗ ನಿಂತಿದ್ರೂ ತಪ್ಪಿಸಿಲ್ಲ. ನೀವು ಬಟ್ಟಲ ಕೈಯಾಗ ಕೊಟ್ಟು, ಒಂದೂ ಗಾಲಿ ಒಣಾ ಇರಬಾರ್ದು ಅಂತ ಹೇಳಿದ ಮ್ಯಾಲ…”

ಅವ್ವಾರ ಮುಖ ನೋಡಿ ಅವನಿಗೂ ಅರ್ಥವಾಗತೊಡಗಿತ್ತು.

ಅವನನ್ನು ಬೈದಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವನು ಆಳು, ಅವನೇ ಒಪ್ಪಿಕೊಂಡಿದ್ದ, ಊರೆಲ್ಲ ಕೇಳಿತ್ತು. ಅವ್ವಾರು ಬೆರಳನ್ನು ಸೆರಗಿಗೆ ಒರೆಸಿಕೊಂಡು ಜನರ ಕಡೆ ತಿರುಗಿದರು. ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು ನಡುಮನೆಯ ಬಾಗಿಲಲ್ಲಿ ಸಾರುತ್ತಿದ್ದರಲ್ಲ, ಅದೇ ದನಿ.

“ಎಲ್ಲಾರೂ ಕೇಳ್ಕೋರಿ. ಆವತ್ತ ಈ ಉಸ್ತಾದ ಕುಡದಿದ್ದಿಲ್ಲ. ಬ್ರೇಕಿಗಿ ಎಣ್ಣಿ ಬಿದ್ದಿತ್ತು. ಎಣ್ಣಿ ಕೊಟ್ಟಾಕಿ ನಾ. ಶರಣಪ್ಪ ನಾ ಹೇಳ್ದಂಗ ಮಾಡ್ಯಾನ, ಅವನಿಗಿ ಯಾರೂ ಏನೂ ಅನಬ್ಯಾಡ್ರಿ.”

ಆಮೇಲೆ ಕೆಸರು ತುಳಿಯುತ್ತ ಗಿಡದ ತನಕ ನಡೆದು ಹೋದರು. ಬನ್ನಿ ಮುಡಿಯುವ ಮೊದಲ ಹಕ್ಕು ಅವರ ಮನೆತನದ್ದು. ಎರಡು ಕುಡಿ ಮುರಿದುಕೊಂಡು ವಾಪಸು ಬಂದರು. ಬನ್ನಿಯನ್ನು ಸಣ್ಣವರು ದೊಡ್ಡವರಿಗೆ ಕೊಟ್ಟು ನಮಸ್ಕಾರ ಮಾಡುವುದು ಪದ್ಧತಿ. ಗೌಡರ ಮನೆಯವರು ಕೈಯೊಡ್ಡಿ ತೆಗೆದುಕೊಳ್ಳುವವರೇ ಹೊರತು ಮೊದಲು ಕೊಡುವವರಲ್ಲ. ಅವರು ಮೋಟಾರಿನ ಹತ್ತಿರ ನಿಂತು ಉಸ್ತಾದನ ಎರಡೂ ಕೈಗಳಲ್ಲಿ ಎಲೆಗಳನ್ನಿಟ್ಟು ತಲೆ ಬಾಗಿಸಿದರು. “ಬಂಗಾರದಂಗ ಇರೋಣಪಾ” ಎಂದರು. ಉಸ್ತಾದ ಎಲೆಗಳನ್ನು ಹಿಡಿದುಕೊಂಡೇ ಅತ್ತ. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ? ಆಮೇಲೆ ಊರಿನ ಜನ ಒಬ್ಬೊಬ್ಬರಾಗಿ ಬಂದು ಅವನಿಗೆ ಬನ್ನಿ ಕೊಟ್ಟರು. ಹಿಂದಿನಿಂದ ಮಾತಾಡಿದವನೂ ಬಂದಿರಬೇಕು.

ಮರುದಿನ ಉಸ್ತಾದ ಪಟ್ಟಿಗಳನ್ನೆಲ್ಲ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಮತ್ತೆ ಕೂಡಿಸಿದ. ಮೋಟಾರು ಅರಚುತ್ತ ಇಳಿದು ಗಿಡದ ಕಟ್ಟೆಯ ಮುಂದೆ ನಿಂತಿತು. ನೋಡಲು ಹಿಂದಿನ ದಿನದ ಕಾಲು ಭಾಗದಷ್ಟು ಜನರೂ ಇರಲಿಲ್ಲ. ಅದರ ಅಗತ್ಯವೂ ಉಳಿದಿರಲಿಲ್ಲ.

ಗಾಜಿಪುರಕ್ಕೆ ಮರಳಿದ ಮೇಲೆ ಒಂದು ಸಂಜೆ ಗೋಡೆಯ ಆಚೆಯಿಂದ ನನ್ನನ್ನು ಕರೆದರು. ಹಾಲಿನ ಮಾತಲ್ಲ. “ಮಾಸ್ತರ, ಸವದ ಬ್ರೇಕ್ ಹಾಕಿ ಓಡಿಸಿದ್ರಂತ ನಮ್ಮವರ ಮ್ಯಾಲ ಇಷ್ಟು ವರ್ಷ ಸಿಟ್ಟು ಇಟ್ಕೊಂಡಿದ್ದೆ. ಸುಳ್ಳು ಹೇಳಿದ್ದು ಅವರ ತಪ್ಪು, ಅದು ಅವರ ಲೆಕ್ಕಕ್ಕ ಇರ್ಲಿ. ಎಣ್ಣಿ ನಂದು. ಅವರಿಗಿ ಹೇಳ್ಬೇಕಂದ್ರ ಅವರಿಲ್ಲ.” ಆಮೇಲೆ ಅವರೇ, “ಹೋಗ್ರಿ, ಚಹಾ ಆರ್ತದ” ಎಂದರು.

ಅಲ್ಲಿಂದ ಮುಂದೆ ಖಂಡೇಪೂಜೆಯ ದಿನ ಅವರು ಮೋಟಾರಿನ ಪಕ್ಕದಲ್ಲಿ ಒಂದು ಮಣೆ ಹಾಕಿಕೊಂಡು ಕೂಡುತ್ತಿದ್ದರು. ಶರಣಪ್ಪ ಗಾಡಿಗಳಿಗೆ ಎಣ್ಣೆ ಹಾಕಿ ಮುಗಿಸಿ, ಬಟ್ಟಲು ತೊಳೆದು ಒಳಗಿಡುವ ತನಕ ಏಳುತ್ತಿರಲಿಲ್ಲ. ಪಾಪ, ಅವನು ಆ ಕಡೆ ಸುಳಿಯುತ್ತಲೂ ಇರಲಿಲ್ಲ. ಉಸ್ತಾದನೇ ಅವರ ಮೋಟಾರನ್ನು ಕೊನೆಯವರೆಗೂ ನಡೆಸಿದ. ಪಟ್ಟಿಗಳು ಸವೆದವು, ಹೊಸವು ಬಂದವು, ಅರಚುವುದು ಮಾತ್ರ ಪೂರ್ತಿ ನಿಲ್ಲಲಿಲ್ಲ. ಆ ದನಿ ಕೇಳಿದರೆ ಓಣಿಯಲ್ಲಿ, “ಮೋಟಾರಿನ ಅವ್ವಾರು ಬಂದ್ರು” ಎನ್ನುತ್ತಿದ್ದರು.

ಹೋದ ವರ್ಷ ಅವರು ಗಾಜಿಪುರದ ಮನೆಯಲ್ಲಿ ತೀರಿಕೊಂಡರು. ಮಣ್ಣು ಕಮಲಾಪುರದ ಹೊಲದಲ್ಲೇ ಆಗಬೇಕೆಂದು ಹೇಳಿದ್ದರು. ವಿಭೂತಿ ಹಚ್ಚಿ, ಹೂವು ಏರಿಸಿ, ಎಂದಿನಂತೆ ಹಿಂದಿನ ಸೀಟಿನಲ್ಲಿ ಕೂಡಿಸಿದೆವು. ಒಂದು ಮಗ್ಗುಲಲ್ಲಿ ನಾನು, ಇನ್ನೊಂದು ಮಗ್ಗುಲಲ್ಲಿ ಅವರ ಅಳಿಯ ಹಿಡಿದುಕೊಂಡಿದ್ದೆವು. ಮುಂದೆ ಉಸ್ತಾದನ ಪಕ್ಕದಲ್ಲಿ ಮುದುಕ ಶರಣಪ್ಪ. ಇಳಿಜಾರಿಗೆ ಬಂದಾಗ ಮೋಟಾರು ಅರಚತೊಡಗಿತು. ದೂರದ ಊರಿನ ಅಳಿಯನಿಗೆ ಕಸಿವಿಸಿಯಾಯಿತು. “ಇಂಥಾ ಹೊತ್ತಿನ್ಯಾಗ ಹಿಂಗ ಒದರ್ತದಲ್ಲ. ಒಂದೀಟು ಎಣ್ಣಿ ಹಾಕಬಾರ್ದಾಗಿತ್ತೇನು?” ಎಂದರು.

ಶರಣಪ್ಪ ಹಿಂದೆ ತಿರುಗಿ, “ಒದರಲಿ ಬಿಡ್ರಿ” ಎಂದ.

ಮೋಟಾರು ಬನ್ನಿ ಗಿಡದ ಮುಂದೆ ನಿಂತಿತು. ಜನ ಬಂದು ನಾಲ್ಕೂ ಕಡೆಯಿಂದ ಕೈ ಕೊಟ್ಟರು. ನಾವು ಅವರನ್ನು ಕೆಳಗಿಳಿಸಿ, ಹೆಗಲು ಕೊಟ್ಟು, ಹೊಲದ ಬದುವಿನ ತನಕ ಹೋಗುವವರೆಗೂ ಉಸ್ತಾದ ಪೆಡಲಿನ ಮೇಲಿಂದ ಕಾಲು ತೆಗೆಯಲಿಲ್ಲ.